ಮೇಷ್ಟ್ರೇ, ಐದನೇ ಪುಟದಿಂದ ಶುರು ಮಾಡಿ

ಮೇಷ್ಟ್ರೇ, ನಮಸ್ಕಾರ.

‘ಜಂಕ್ ಫುಡ್ ಎಂಬ ಪೆಡಂಭೂತ’ ಕೈಸೇರಿತು. ಎಂಟು ಪುಟ, ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲಾರೆ. ‘ವಿಷಾದಪೂರ್ವಕವಾಗಿ ಹಿಂತಿರುಗಿಸಲಾಗಿದೆ’ ಅಂತ ಒಂದು ಸಾಲು ಬರೆದು ಕೈತೊಳೆದುಕೊಳ್ಳಬಹುದಿತ್ತು. ಹಾಗೆ ಮಾಡಲು ನಿಮ್ಮ ಐದನೇ ಪುಟ ಬಿಡಲಿಲ್ಲ.

ಅಲ್ಲಿರುವುದು ಇಷ್ಟೇ. ಸಂಜೆ ನಿಮಗೆ ಗೇಟ್ ಡ್ಯೂಟಿ. ನಾಲ್ಕನೇ ಕ್ಲಾಸಿನ ಹುಡುಗನೊಬ್ಬ ಎದುರಿನ ಅಂಗಡಿಗೆ ಓಡಿ ಐದು ರೂಪಾಯಿಯ ಪ್ಯಾಕೆಟ್ ತಂದ, ಹಲ್ಲಿನಲ್ಲಿ ಕಚ್ಚಿ ಹರಿದ, ಒಳಗಿದ್ದ ಸ್ಟಿಕ್ಕರ್ ಜೇಬಿಗೆ ಹಾಕಿಕೊಂಡ, ಉಳಿದದ್ದನ್ನು ಬೀದಿನಾಯಿಯ ಮುಂದೆ ಸುರಿದು ಹೊರಟುಹೋದ. ಮೂರು ಸಾಲು. ಆಮೇಲೆ ‘ಇದು ಅತ್ಯಂತ ವಿಷಾದನೀಯ’ ಎಂದು ಷರಾ ಬರೆದು ನೀವೂ ಹೊರಟುಹೋದಿರಿ. ಎಲ್ಲಿಗೆ ಹೋದಿರಿ ಸ್ವಾಮಿ? ಲೇಖನ ಅಲ್ಲೇ ನಿಂತಿತ್ತಲ್ಲ! ಹುಡುಗನಿಗೆ ಹಸಿವಿರಲಿಲ್ಲ, ಬಾಯಿಚಪಲವೂ ಇರಲಿಲ್ಲ. ಜಾಹೀರಾತು ಮಕ್ಕಳನ್ನು ಏನು ಮಾಡುತ್ತದೆ ಅಂತ ನೀವು ಎರಡು ಪುಟ ಉಪನ್ಯಾಸ ಕೊಟ್ಟೂ ಹೇಳಲಾಗದ್ದನ್ನು ಆ ನಾಯಿ ಒಂದೇ ಬಾಯಿಗೆ ಮುಗಿಸಿದೆ.

ಮೊದಲ ನಾಲ್ಕು ಪುಟ ತೆಗೆದುಬಿಡಿ. ಅದರಲ್ಲಿರುವುದು ಅಜ್ಜಿಯ ಕಾಲದ ರಾಗಿಮುದ್ದೆ, ಆಮೇಲೆ ‘ಇಂದಿನ ತಾಯಂದಿರ ಸೋಮಾರಿತನ’. ಈ ಎರಡನೆಯದನ್ನು ಓದುವಾಗ ನನಗೆ ನಿಜಕ್ಕೂ ಸಿಟ್ಟು ಬಂತು. ಪೀಣ್ಯದ ಗಾರ್ಮೆಂಟ್ಸಿಗೆ ಹೋಗುವ ಹೆಂಗಸು ಕತ್ತಲಲ್ಲೇ ಎದ್ದು ಡಬ್ಬಿ ಕಟ್ಟಿ, ಮಗುವಿನ ಕೈಗೆ ಐದು ರೂಪಾಯಿ ಇಟ್ಟು ಬಸ್ಸಿಗೆ ಓಡುತ್ತಾಳೆ. ಅವಳನ್ನು ಬೈದರೆ ಯಾರೂ ತಿರುಗಿ ಕೇಳುವುದಿಲ್ಲ, ಅದಕ್ಕೇ ಎಲ್ಲರೂ ಬೈಯುವುದು. ಅಂದಹಾಗೆ, ನಿಮ್ಮ ಎಂಟು ಪುಟದಲ್ಲಿ ಅಪ್ಪ ಎಂಬ ಪ್ರಾಣಿ ಎಲ್ಲೂ ಕಾಣಲಿಲ್ಲ.

ಮುದ್ದೆಯ ಮಾತು ಕೂಡ ಅಷ್ಟೇ. ಚಿಕ್ಕಂದಿನಲ್ಲಿ ನೀವೂ ನನ್ನ ಹಾಗೆ ಹತ್ತು ಬೆರಳಿಗೂ ಬೋಟಿ ಸಿಕ್ಕಿಸಿಕೊಂಡು ಕುರುಕಿದವರೇ ಇರಬೇಕು. ಎಣ್ಣೆ, ಉಪ್ಪು, ಬಣ್ಣ ಅದರಲ್ಲೂ ಇತ್ತು. ಆದರೆ ಬೋಟಿ ತಿನ್ನಿ ಅಂತ ಹೇಳುವುದಕ್ಕೆ ಯಾವ ಕ್ರಿಕೆಟಿಗನಿಗೂ ಯಾರೂ ದುಡ್ಡು ಕೊಟ್ಟಿರಲಿಲ್ಲ. ಇದನ್ನು ಬರೆಯಿರಿ, ಅಜ್ಜಿಯನ್ನು ಅವರ ಪಾಡಿಗೆ ಬಿಡಿ.

ಇನ್ನು ಆರನೇ ಪುಟ. ‘ನಮ್ಮ ದೇಶದಲ್ಲಿ ಇದಕ್ಕೆ ಕಾನೂನೇ ಇಲ್ಲ’ ಅಂದಿದ್ದೀರಿ. ಇದೆ ಮೇಷ್ಟ್ರೇ. 2010ರಲ್ಲಿ ದೆಹಲಿ ಹೈಕೋರ್ಟಿಗೆ ಒಂದು ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹೋಯಿತು. 2015ರಲ್ಲಿ ಕೋರ್ಟು ನಿಯಮ ಮಾಡಿ ಅಂದಿತು. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನಿಯಮ ಹೊರಡಿಸುವಷ್ಟರಲ್ಲಿ 2020. ಕೊಬ್ಬು, ಉಪ್ಪು, ಸಕ್ಕರೆ ಅತಿಯಾಗಿರುವ ತಿನಿಸನ್ನು ಶಾಲೆಯೊಳಗಾಗಲಿ, ಗೇಟಿನಿಂದ ಯಾವ ದಿಕ್ಕಿಗೇ ಆಗಲಿ 50 ಮೀಟರಿನೊಳಗಾಗಲಿ ಮಕ್ಕಳಿಗೆ ಮಾರುವಂತಿಲ್ಲ, ಅದರ ಪ್ರಚಾರವನ್ನೂ ಮಾಡುವಂತಿಲ್ಲ. 2022ರಲ್ಲಿ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ ಮಾರ್ಗಸೂಚಿಯೂ ಬಂತು: ಮಕ್ಕಳ ಕಾರ್ಯಕ್ರಮದ ನಡುವೆ, ಮಕ್ಕಳ ಚಾನೆಲ್‌ನಲ್ಲಿ ಚಿಪ್ಸು, ಸೋಡಾ ಪಾನೀಯದ ಜಾಹೀರಾತು ಕೂಡದು. ಐಪಿಎಲ್ ಮ್ಯಾಚು ಮಕ್ಕಳ ಕಾರ್ಯಕ್ರಮವಲ್ಲ, ಆದರೆ ರಾತ್ರಿ ಹನ್ನೊಂದರ ತನಕ ಸೋಫಾದ ಮೇಲೆ ಕೂತಿರುವವರು ಯಾರು ಅಂತ ನಿಮಗೂ ಗೊತ್ತು. ಹೀಗೆ ಸಂದು ಹುಡುಕಿ ಬರೆದರೆ ನಿಮ್ಮ ‘ಸರ್ಕಾರ ಕೂಡಲೇ ಎಚ್ಚೆತ್ತುಕೊಳ್ಳಬೇಕು’ ಎಂಬ ಸಾಲಿನ ಕೆಲಸವೇ ಇರುವುದಿಲ್ಲ.

ನಿಮ್ಮ ಬರಹ ಓದಿದ ಮರುದಿನ ಬಸವನಗುಡಿಯ ಒಂದು ಶಾಲೆಯ ಗೇಟಿನಿಂದ ಹೆಜ್ಜೆ ಎಣಿಸಿದೆ. ಮೊದಲ ಅಂಗಡಿಗೆ ಹದಿನೆಂಟು. ಪ್ಯಾಕೆಟ್ಟುಗಳ ಸರ ನನ್ನ ಸೊಂಟದ ಮಟ್ಟಕ್ಕೆ ಇಳಿಬಿದ್ದಿತ್ತು. ಅಲ್ಲಿಗೆ ಸರಿಯಾಗಿ ಬರುವುದು ಎರಡನೇ ಕ್ಲಾಸಿನ ಮಗುವಿನ ಕಣ್ಣು. ಕಡಲೆಮಿಠಾಯಿ ಡಬ್ಬ ಒಳಗೆ, ಮೇಲಿನ ಹಲಗೆಯಲ್ಲಿ. ನಿಯಮದ ಬಗ್ಗೆ ಕೇಳಿದರೆ ಅಂಗಡಿಯಾಕೆ, “ಐವತ್ತು ಮೀಟ್ರಾ? ಯಾರೂ ಬಂದು ಹೇಳಿಲ್ಲ ಸಾರ್. ಈ ಸ್ಟ್ಯಾಂಡು ಕಂಪ್ನಿಯವ್ರೇ ತಂದು ನಿಲ್ಸಿದ್ದು” ಅಂದರು. ಅವರನ್ನು ಖಳನಾಯಕಿ ಮಾಡಿದರೆ ಮತ್ತೆ ತಾಯಂದಿರನ್ನು ಬೈದ ಹಾಗೇ ಆಗುತ್ತದೆ. ನಿಮ್ಮ ಎದುರಿನ ಅಂಗಡಿಯವರನ್ನೂ ಕೇಳಿ: ಸರಕು ಯಾರು ಹಾಕುತ್ತಾರೆ, ಒಂದು ಪ್ಯಾಕೆಟ್ಟಿಗೆ ಎಷ್ಟು ಗಿಟ್ಟುತ್ತದೆ, ತೆಗೆದುಬಿಟ್ಟರೆ ದಿನಕ್ಕೆ ಎಷ್ಟು ಲುಕ್ಸಾನು. ಈ ಲೆಕ್ಕ ಸಿಗುವುದು ನಿಮ್ಮಂಥವರಿಗೇ, ಪತ್ರಕರ್ತರಿಗೆ ಕೊಡುವುದಿಲ್ಲ.

ಏಳನೇ ಪುಟದ ವಿದೇಶ ಪ್ರವಾಸ ಮೊಟಕು ಮಾಡಿ. ಚಿಲಿ ದೇಶ ಜಂಕ್ ಫುಡ್ ‘ನಿಷೇಧಿಸಿದೆ’ ಎಂಬುದು ತಪ್ಪು. 2016ರಿಂದ ಅಲ್ಲಿ ಸಕ್ಕರೆ, ಉಪ್ಪು, ಕೊಬ್ಬು ಮಿತಿಮೀರಿದ ಪೊಟ್ಟಣದ ಮೇಲೆ ಎಂಟು ಮೂಲೆಯ ಕಪ್ಪು ಮುದ್ರೆ ಬೀಳುತ್ತದೆ. ಅಂಥ ಪೊಟ್ಟಣದಲ್ಲಿ ಕಾರ್ಟೂನ್ ಇರಕೂಡದು, ಆಟಿಕೆ ಇರಕೂಡದು, ಶಾಲೆಯೊಳಗೆ ಮಾರಕೂಡದು. ದೊಡ್ಡವರು ಅಂಗಡಿಗೆ ಹೋಗಿ ಕೊಂಡು ತಿನ್ನಬಹುದು. ನಿಮ್ಮ ಹುಡುಗನ ಸ್ಟಿಕ್ಕರಿಗೆ ನೇರ ಉತ್ತರ ಇದು, ಒಂದು ಪ್ಯಾರಾ ಕೊಡಿ. ಬ್ರಿಟನ್ನಿನ ಸಕ್ಕರೆ ತೆರಿಗೆ ಬೇಕಿದ್ದರೆ ಎರಡು ಸಾಲು: ತಂಪು ಪಾನೀಯದ 100 ಮಿಲಿಲೀಟರಿಗೆ 5 ಗ್ರಾಂ ಅಥವಾ ಹೆಚ್ಚು ಸಕ್ಕರೆ ಇದ್ದರೆ ತೆರಿಗೆ ಅಂದರು, 2018ರಲ್ಲಿ ಅದು ಜಾರಿಗೆ ಬರುವ ಮೊದಲೇ ಎಷ್ಟೋ ಕಂಪನಿಗಳು ಸಕ್ಕರೆ ಇಳಿಸಿದವು.

‘ಸಂಶೋಧನೆಗಳ ಪ್ರಕಾರ ಪ್ರತಿ ಮೂರನೇ ಮಗುವಿಗೂ ಬೊಜ್ಜು’. ಯಾವ ಸಂಶೋಧನೆ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ. ಐದು ವರ್ಷದೊಳಗಿನವರಲ್ಲಿ ತೂಕ ಹೆಚ್ಚಿರುವವರು ಶೇ 3.4, ಹಿಂದಿನ ಸಮೀಕ್ಷೆಯಲ್ಲಿ ಶೇ 2.1 ಇತ್ತು. ವಯಸ್ಸಿಗೆ ತಕ್ಕ ಎತ್ತರ ಬೆಳೆಯದವರು ಶೇ 35.5. ನಿಮ್ಮ ‘ಮೂರರಲ್ಲಿ ಒಂದು’ ಬಹುಶಃ ಇಲ್ಲಿಂದ ದಾರಿ ತಪ್ಪಿ ಬಂದಿದೆ! ಮೈ ಬೆಳೆಯದ ಮಗು, ಮೈ ಊದಿದ ಮಗು ಇಬ್ಬರೂ ನಿಮ್ಮ ಕ್ಲಾಸಿನಲ್ಲೇ ಕೂತಿರುತ್ತಾರೆ, ಇಬ್ಬರ ಕೈಯಲ್ಲೂ ಅದೇ ಐದು ರೂಪಾಯಿಯ ಪ್ಯಾಕೆಟ್. ಬೊಜ್ಜೊಂದನ್ನೇ ಹಿಡಿದು ಬರೆದರೆ ಮೊದಲನೆಯವನು ಬಿಟ್ಟುಹೋಗುತ್ತಾನೆ.

ಶೀರ್ಷಿಕೆಯ ಪೆಡಂಭೂತ ನನಗೆ ಬಿಡಿ, ನಾನು ಓಡಿಸುತ್ತೇನೆ. ಸಾವಿರ ಪದ ಸಾಕು, ಬರುವ ತಿಂಗಳೊಳಗೆ ಕಳಿಸಿ. ಅದಕ್ಕೆ ಮುಂಚೆ ಆ ಹುಡುಗನನ್ನು ಒಂದು ಮಾತು ಕೇಳಿ. ಅವನು ಜೇಬಿಗೆ ಹಾಕಿಕೊಂಡ ಸ್ಟಿಕ್ಕರಿನ ಮೇಲೆ ಯಾರ ಚಿತ್ರ ಇತ್ತು? ನೀವು ಬರೆದೇ ಇಲ್ಲ.

ಇಂತಿ,
ಸಂಪಾದಕ