ಬಿಸಿಲೂರಿನ ತೊಟ್ಟಿಗೆ ಯಾವ ಗೋಲ್ಡ್‌ಫಿಶ್?

ಪ್ರಶ್ನೆ: ಮೇಡಂ, ಹಿತ್ತಲಲ್ಲಿ ಬೇವಿನ ಮರದ ಪಕ್ಕ ಶಹಾಬಾದ್ ಕಲ್ಲು, ಸಿಮೆಂಟ್ ಹಾಕಿ ಹೊಸ ತೊಟ್ಟಿ ಕಟ್ಟಿಸಿದ್ದೇವೆ. 6 ಅಡಿ ಉದ್ದ, 4 ಅಡಿ ಅಗಲ, ಎರಡೂವರೆ ಅಡಿ ಆಳ. ಮಗಳಿಗೆ ಕಣ್ಣ ಕೆಳಗೆ ಗುಳ್ಳೆ ಇರುವ ಗೋಲ್ಡ್‌ಫಿಶ್ ಬೇಕಂತೆ. ಅಂಗಡಿಯವರು ಒರಾಂಡಾ (ಜೋಡಿ ಬಾಲದ ಗೋಲ್ಡ್‌ಫಿಶ್), ಕೋಯಿ (ಬಣ್ಣದ ಕಾರ್ಪ್ ಮೀನು) ಎಲ್ಲ ಸೇರಿಸಿ 20 ಬಿಡಿ ಅಂತಾರೆ. ಏನು ಮಾಡಲಿ?
– ಓದುಗರೊಬ್ಬರು, ಸಿಂಧನೂರು

ಉತ್ತರ: 20 ಖಂಡಿತ ಬೇಡ. ಐದು ಸಾಕು, ಅವೂ ಒಂಟಿ ಬಾಲದವೇ ಇರಲಿ. ಕಾಮೆಟ್, ಶುಬುಂಕಿನ್ ಅಥವಾ ಸಾದಾ ಗೋಲ್ಡ್‌ಫಿಶ್. ನಿಮ್ಮ ತೊಟ್ಟಿ ತುಂಬಿದರೆ ಸುಮಾರು 1,700 ಲೀಟರ್. ಕೇಳೋಕೆ ಜಾಸ್ತಿ ಅನಿಸುತ್ತೆ, ಆದರೆ ಕಾಮೆಟ್ ಒಂದಡಿವರೆಗೂ ಬೆಳೆಯುತ್ತದೆ. ಕೋಯಿ ಎರಡಡಿ ಆಗುತ್ತದೆ, ಅದಕ್ಕೆ 4 ಅಡಿ ಅಗಲದಲ್ಲಿ ತಿರುಗೋಕೂ ಜಾಗ ಸಾಲದು.

ಗುಳ್ಳೆಗಣ್ಣಿನ ಮೀನು ತೊಟ್ಟಿಗೆ ಬೇಡವೇ ಬೇಡ. ಆ ಚೀಲ ಬಲು ತೆಳು, ಒರಟು ಕಲ್ಲಿನ ಅಂಚು ತಾಗಿದರೆ ಹರಿಯುತ್ತದೆ. ಅದು ನಿಧಾನ ಈಜುತ್ತದೆ, ಕಾಮೆಟ್ ಜೊತೆ ಬಿಟ್ಟರೆ ಮೇವೂ ಸಿಗಲ್ಲ. ಮಗಳು ಹಟ ಹಿಡಿದರೆ ಮನೆಯೊಳಗೆ ದೊಡ್ಡ ಅಕ್ವೇರಿಯಂನಲ್ಲಿ ಬೇರೆಯೇ ಸಾಕಿ.

ಇನ್ನು ಬಣ್ಣ. ತೊಟ್ಟಿಯ ಮೀನನ್ನು ನಾವು ಮೇಲಿಂದ ನೋಡುತ್ತೇವೆ ಅಲ್ವಾ? ರಾಯಚೂರಿನ ನಮ್ಮ ಹಿತ್ತಲಲ್ಲಿ ಎರಡೂ ಇವೆ. ಕೆಂಪು ಕಾಮೆಟ್ ಬಾಗಿಲಿಂದಲೇ ಕಾಣುತ್ತದೆ. ಶುಬುಂಕಿನ್ ಮೈಮೇಲಿನ ನೀಲಿ, ಕಪ್ಪು ಚುಕ್ಕೆ ಹಸಿರು ನೀರಲ್ಲಿ ಕರಗಿ ಹೋಗುತ್ತದೆ, ಬಗ್ಗಿ ಹುಡುಕಬೇಕು. ನನಗೆ ಅದೇ ಇಷ್ಟ. ಮಗುವಿಗಾದರೆ ಕೆಂಪೇ ತನ್ನಿ.

ನಮ್ಮ ಕಡೆ ನಿಜವಾದ ಪರೀಕ್ಷೆ ಬೇಸಿಗೆ. ಗೋಲ್ಡ್‌ಫಿಶ್ ತಂಪು ನೀರಿನ ಮೀನು. ಮೇನಲ್ಲಿ ಬಿಸಿಲು 40 ಡಿಗ್ರಿ ದಾಟಿದಾಗ ನೀರು ಬಿಸಿಯಾಗಿ ಅದರಲ್ಲಿ ಆಕ್ಸಿಜನ್ ಕಮ್ಮಿಯಾಗುತ್ತದೆ. ತೀರಾ ಕಮ್ಮಿಯಾಗೋದು ಮಧ್ಯಾಹ್ನ ಅಲ್ಲ, ಬೆಳಗಿನ ಜಾವ. ರಾತ್ರಿಯೆಲ್ಲ ಪಾಚಿ, ಗಿಡಗಳೂ ಅದನ್ನೇ ಉಸಿರಾಡಿರುತ್ತವೆ. ಐದು ಗಂಟೆಗೆ ಎದ್ದು ನೋಡಿ. ಮೀನು ಮೇಲೆ ಬಂದು ಬಾಯಿ ಪಚಪಚ ಅನ್ನಿಸುತ್ತಿದ್ದರೆ ಅದು ಹಸಿವಲ್ಲ, ಉಸಿರಿಗೆ ಒದ್ದಾಟ. ಆಗ ಮೇವು ಹಾಕಬೇಡಿ, ಏರ್ ಪಂಪ್ ಹಚ್ಚಿ. ರಾತ್ರಿಯಿಡೀ ಓಡಿಸಿದರೆ ಇನ್ನೂ ಒಳ್ಳೆಯದು. ಮೇಲೆ ಹಸಿರು ಶೇಡ್ ನೆಟ್ ಕಟ್ಟಿದರೆ ನೆರಳೂ ಆಯಿತು, ಮಿಂಚುಳ್ಳಿ, ಬೆಕ್ಕಿನ ಕಾಟವೂ ತಪ್ಪಿತು. ಬೇವಿನ ಎಲೆ ಉದುರಿ ಕೊಳೆಯೋದಕ್ಕೂ ಅದೇ ತಡೆ.

ಹೊಸ ಸಿಮೆಂಟ್ ಸುಣ್ಣ ಬಿಡುತ್ತದೆ. ನೀರು ತುಂಬಿಸಿ, ಕೆಲವು ದಿನ ಬಿಟ್ಟು ಹೊರಗೆ ಚೆಲ್ಲಿ. ಹೀಗೆ ಮೂರ್ನಾಲ್ಕು ಸಲ ಮಾಡಿ. ನಿಮ್ಮೂರಲ್ಲಿ ಕಾಲುವೆ ನೀರು ಸುಲಭವಾಗಿ ಸಿಗುತ್ತದೆ, ಆದರೆ ಭತ್ತದ ಗದ್ದೆಯ ಔಷಧಿ ಸೇರಿರಬಹುದು. ಅದು ಬೇಡ.

ಮೀನು ತರೋದು ನವೆಂಬರ್ ನಂತರ. ಅಂಗಡಿಯಲ್ಲಿ ಸುಮ್ನೆ ಬಣ್ಣ ನೋಡಬೇಡಿ. ಬೆನ್ನಿನ ರೆಕ್ಕೆ ನೆಟ್ಟಗಿದೆಯಾ, ಮೈಮೇಲೆ ಉಪ್ಪಿನ ಹರಳಿನಂಥ ಬಿಳಿ ಚುಕ್ಕೆ ಇದೆಯಾ ನೋಡಿ. ಚುಕ್ಕೆ ಒಂದರ ಮೇಲೆ ಕಂಡರೂ ಆ ತೊಟ್ಟಿಯ ಯಾವ ಮೀನನ್ನೂ ತರಬೇಡಿ.

ಮುಂದೆ ಮರಿ ಜಾಸ್ತಿಯಾದರೆ ಬೇಕಾದವರಿಗೆ ಕೊಡಿ. ಕೆರೆಗೋ ಕಾಲುವೆಗೋ ಬಿಟ್ಟರೆ ಅಲ್ಲೇ ಬೆಳೆದು ನಮ್ಮ ಮೀನುಗಳ ಮೊಟ್ಟೆ ತಿನ್ನುತ್ತವೆ.