ಹಸಿರು ಸಂಡಾಸ ಅಂದಕೂಡ್ಲೆ ಎದಿಹಾಲು ಬಿಡಸಬ್ಯಾಡ್ರಿ

ಜಮಖಂಡಿ ಅಕ್ಕಾರ, ಆರು ವಾರದ ಕೂಸಿಗೆ ಹಸಿರು ನೊರಿ ಸಂಡಾಸ, ಹೊಟ್ಟಿ ಉಬ್ಬರ ಅಂತ ಬರದೀರಿ. ಲ್ಯಾಕ್ಟೋಸ್ (ಹಾಲಿನ್ಯಾಗಿನ ಸಕ್ಕರಿ) ಅರಗೂದಿಲ್ಲಂತ ಯಾರೋ ಹೇಳ್ಯಾರಂತ, ನಾಳೆಯಿಂದ ಡಬ್ಬಿ ಹಾಲು ಚಾಲೂ ಮಾಡ್ತೀರಂತ. ಮಾಡಬ್ಯಾಡ್ರಿ! ಕಾರಣ ನೀವ ಬರದೀರಿ: ಐದೈದು ನಿಮಿಷಕ್ಕ ಎದಿ ಬದಲಸ್ತೀರಿ, ಕೂಸಿನ ತೂಕ ತಿಂಗಳಿಗೆ ಕಿಲೋ ಮ್ಯಾಲೆ ಏರೈತಿ. ಹುಟ್ಟಿನಿಂದನ ಲ್ಯಾಕ್ಟೇಸ್ (ಆ ಸಕ್ಕರಿ ಒಡಿಯೂ ಕರುಳಿನ ರಸ) ಇಲ್ಲದ ಕೂಸು ಭಾಳ ಅಪರೂಪ, ಅದು ಹುಟ್ಟಿದ ಕೆಲವ ದಿನದಾಗ ನೀರಿನಂಗ ಭೇದಿ ಆಗಿ ಸೊರಗತೈತಿ. ನಿಮ್ಮ ಕೂಸಿನಂಗ ಮೈ ತುಂಬೂದಿಲ್ಲ.

ನಿಮಗ ಹಾಲು ಹೆಚ್ಚಾಗೈತಿ. ಎದಿಹಾಲಿನ್ಯಾಗ 100 ಎಂಎಲ್‌ಗೆ ಸುಮಾರು 7 ಗ್ರಾಂ ಲ್ಯಾಕ್ಟೋಸ್, ಮೊದಲಿಂದ ಕಡೀತನಕ ಹೆಚ್ಚುಕಡಿಮಿ ಅಷ್ಟ. ಏರೂದು ಕೊಬ್ಬು. ತುಂಬಿದ ಎದಿಯ ಮೊದಲ ಹಾಲು ತೆಳ್ಳಗ, ಎದಿ ಖಾಲಿ ಆದಂಗ ಗಟ್ಟಿ. ಎರಡೂ ಕಡೆ ಬರೇ ತೆಳ್ಳಂದ ಕುಡದ್ರ ಅದು ಬಿರಬಿರನ ಕರುಳಿಗಿಳದು ಲ್ಯಾಕ್ಟೇಸಿಗೆ ಒಡಿಯಾಕ ಪುರಸೊತ್ತ ಸಿಗೂದಿಲ್ಲ. ಉಳಿದ ಸಕ್ಕರಿ ದೊಡ್ಡ ಕರುಳಿನ್ಯಾಗ ಹುಳಿತು ಗ್ಯಾಸ್, ನೊರಿ, ಕುಂಡಿ ಕೆಂಪಗ.

ಒಂದು ಹೊತ್ತಿಗೆ ಒಂದ ಎದಿ, ಕೂಸು ತಾನ ಬಿಡೂತನಕ. ಮೂರು ತಾಸಿನೊಳಗ ಮತ್ತ ಕೇಳಿದ್ರೂ ಅದ ಎದಿ, ಆಮ್ಯಾಲೆ ಇನ್ನೊಂದು. ಹಾಲು ಕಾರಂಜಿಯಂಗ ಚಿಮ್ಮಿ ಕೂಸಿಗೆ ಕೆಮ್ಮು ಬರತಿದ್ರ ಹಿಂದಕ್ಕ ಒರಗಿ ಕೂತು ಕುಡಸ್ರಿ. ಕುಡಸದ ಇನ್ನೊಂದು ಎದಿ ಕಲ್ಲಾದ್ರ ಬಿಗಿ ಇಳಿಯೂವಷ್ಟ ಕೈಲೆ ಹಿಂಡ್ರಿ. ಪಂಪ್ ಹಚ್ಚಿ ಪೂರ್ತಿ ತಗದ್ರ ಎದಿ ಮತ್ತಷ್ಟು ಹಾಲು ಮಾಡತೈತಿ, ಇಲ್ಲೇ ಭಾಳ ಮಂದಿ ಕೆಡಸ್ಕೋತಾರ. ಬಿಗಿ ತಗ್ಗಿ ಸಂಡಾಸ ಹಳದಿಗೆ ತಿರಗಿದ್ರ ಈ ಪದ್ಧತಿ ಬಿಡ್ರಿ, ಹಂಗ ನಡಸಿದ್ರ ಹಾಲು ಬತ್ತತೈತಿ. ತೂಕ ಏರದ ಕೂಸಿದ್ದವರು ಇದನ್ನ ಮುಟ್ಟಬ್ಯಾಡ್ರಿ. ದಿನಕ್ಕ 25–30 ಗ್ರಾಂ ತೂಕ, ಆರಕ್ಕಿಂತ ಹೆಚ್ಚು ಸಲ ಉಚ್ಚಿ, ಇವೆರಡನ್ನೂ ನೋಡಕೋತ ಇರ್ರಿ. ಎದಿ ಒಂದ ಕಡೆ ಕೆಂಪಾಗಿ ಜ್ವರ ಬಂದ್ರ ಅವತ್ತ ದವಾಖಾನಿಗೆ ಹೋಗ್ರಿ, ಕುಡಸೂದು ಮಾತ್ರ ನಿಲ್ಲಸಬ್ಯಾಡ್ರಿ.

ಹಾಲು ಹೆಚ್ಚಲಿ ಅಂತ ಅತ್ತಿಯವರು ಕೊಡೂ ಅಳವಿ ಪಾಯಸ, ಸಬ್ಬಸಗಿ ಪಲ್ಯಾ ಸದ್ಯಕ್ಕ ನಿಲ್ಲಸ್ರಿ. ಮಜ್ಜಗಿ ಮೊಸರು ಬಿಡೂದು ಲ್ಯಾಕ್ಟೋಸಿಗೆ ಉಪಯೋಗ ಇಲ್ಲ, ಅದು ಎದಿಯೊಳಗನ ತಯಾರಾಗೂದು. ಸಂಡಾಸದಾಗ ರಕ್ತ, ಮೈಮ್ಯಾಲೆ ಇಸಬು ಇದ್ರ ಆಕಳ ಹಾಲಿನ ಪ್ರೋಟೀನಿನ ಅಲರ್ಜಿ ಇರಬಹುದು. ಆಗ ಡಾಕ್ಟರು ತಾಯಿಗೆ 2–4 ವಾರ ಹಾಲಿನ ಪದಾರ್ಥ ಬಿಡಸ್ತಾರ. ಆಕಳದ್ದು ಬಿಟ್ಟು ಎಮ್ಮೀದು ಕುಡೀತೀನಿ ಅನ್ನಬ್ಯಾಡ್ರಿ, ಎರಡರ ಪ್ರೋಟೀನೂ ಹತ್ತಿರದ್ದ.

ಹೊಟ್ಟಿ ಉಬ್ಬರಕ್ಕ ಕೊಡೂ ಕೋಲಿಕೇಡ್ ಹನಿಯೊಳಗ ಸಿಮೆಥಿಕೋನ್ (ಗ್ಯಾಸಿನ ಗುಳ್ಳಿ ಒಡಿಯೂ ಔಷಧ) ಐತಿ, ಲ್ಯಾಕ್ಟೇಸ್ ಇಲ್ಲ, ಲ್ಯಾಕ್ಟೋಸಿಗೆ ಅದೇನೂ ಮಾಡೂದಿಲ್ಲ. ಗ್ರೈಪ್ ವಾಟರ್ ಯಾವ ಕಂಪನೀದಿದ್ರೂ ಬ್ಯಾಡ, ಬಾಳಗುಟ್ಟಿ ಬ್ಯಾಡ. ಜೇನು ನೆಕ್ಕಸೂದಂತೂ ವರ್ಷ ತುಂಬೂತನಕ ಬ್ಯಾಡೇ ಬ್ಯಾಡ, ಅದರಿಂದ ಬರೂ ಬೊಟುಲಿಸಂ ಅನ್ನೂ ನಂಜಿನ ರೋಗ ಜೀವಕ್ಕ ಕುತ್ತು. ಸ್ಟೂಲ್ ಟೆಸ್ಟಿನ್ಯಾಗ ಸಕ್ಕರಿ ಪಾಸಿಟಿವ್ ಬಂದ್ರ ಗಾಬರಿ ಆಗಬ್ಯಾಡ್ರಿ, ಎದಿಹಾಲು ಕುಡಿಯೂ ಎಳೀ ಕೂಸಿಗೆ ಆರಾಮಿದ್ದಾಗೂ ಹಂಗ ಬರತೈತಿ.

ಕೆಳಗ ಇಂಡಿ ಊರಿನವರು ಭೇದಿ ಆದ ಮ್ಯಾಲೆ ಏನು ಅಂತ ಕೇಳ್ಯಾರ. ಭೇದಿಗೆ ಕರುಳಿನ ಒಳಮೈ ಸವದು ಲ್ಯಾಕ್ಟೇಸ್ ಸ್ವಲ್ಪ ದಿನ ತಗ್ಗತೈತಿ, ಮತ್ತ ಬೆಳೀತೈತಿ. ಎದಿಹಾಲು ನಡೀಲಿ. ಎರಡರಿಂದ ಆರು ತಿಂಗಳ ಕೂಸಿಗೆ ಝಿಂಕ್ 10 ಎಂಜಿ, 14 ದಿನ, ಭೇದಿ ನಿಂತ್ರೂ ಪೂರ್ತಿ ಮುಗಸ್ರಿ. ಓಆರ್‌ಎಸ್ ಎಷ್ಟಂತ ಆಶಾ ಅಕ್ಕಾರ್ನ ಕೇಳ್ರಿ. ರಕ್ತ, ಜ್ವರ, ಹಸಿರು ವಾಂತಿ ಆದ್ರ, ಉಚ್ಚಿ ಕಡಿಮಿ ಆದ್ರ ಗ್ರೂಪಿನ್ಯಾಗ ಕೇಳಕೋತ ಕೂಡಬ್ಯಾಡ್ರಿ, ಕೂಸಿನ್ನ ಎತಗೊಂಡು ಸೀದಾ ದವಾಖಾನಿಗೆ ನಡೀರಿ.