ಕಬ್ಬಿನ ಸಿಪ್ಪೆ ಬೋರ್ಡು ಸಿಂಕ್ ಕೆಳಗೆ ತಡೀತದಾ?

ಪ್ರಶ್ನೆ: ಸಾರ್, ನಮ್ದು ಪಾಂಡವಪುರದ ಹತ್ರ ಹಳ್ಳಿ, ಸಣ್ಣ ಆಲೆಮನೆ ಇದೆ. ಹೊಸ ಮನೆ ಅಡುಗೆಮನೆ ಕಬೋರ್ಡಿಗೆ ಆಚಾರ್ರು ಕಬ್ಬಿನ ಸಿಪ್ಪೆಯ ಬೋರ್ಡ್ ಹಾಕ್ಸಿ, ಪ್ಲೈವುಡ್‌ಗಿಂತ ಅಗ್ಗ ಅಂತವ್ರೆ. ನೀರಿಗೆ ತಡೀತದಾ? ಇನ್ನೊಂದು, ಸಿಪ್ಪೆ ನಮ್ಮತ್ರನೇ ರಾಶಿ ಬಿದ್ದದೆ, ಭತ್ತದ ಹೊಟ್ಟು ಸೇರ್ಸಿ ಫೆವಿಕಾಲ್ ಕಲ್ಸಿ ನಾವೇ ಬೋರ್ಡ್ ಮಾಡ್ಕೊಂಡ್ರೆ ಹೆಂಗೆ?
(ಓದುಗರೊಬ್ಬರು, ಮಂಡ್ಯ ಜಿಲ್ಲೆ)

ಉತ್ತರ: ನಿಮ್ಮ ಆಚಾರ್ರು ತಪ್ಪೇನೂ ಹೇಳಿಲ್ಲ, ಆದ್ರೆ ಅವ್ರನ್ನ ಕೇಳ್ಬೇಕಾಗಿರೋದು ಸಿಪ್ಪೆ ವಿಷ್ಯ ಅಲ್ಲ, ಅಂಟು ಯಾವ್ದು ಅಂತ. ಇಂಥ ಬೋರ್ಡಲ್ಲಿ ಸಾಮಾನ್ಯವಾಗಿ ಇರೋದು ಯೂರಿಯಾ ಫಾರ್ಮಾಲ್ಡಿಹೈಡ್, ಅಗ್ಗ, ಬಿಸಿ ಪ್ರೆಸ್‌ನಲ್ಲಿ ಬೇಗ ಗಟ್ಟಿಯಾಗುತ್ತೆ, ಆದ್ರೆ ದಿನಾ ತೇವ ತಗುಲ್ತಾ ಇದ್ರೆ ಬಿಟ್ಕೊಳುತ್ತೆ, ಅಂಚು ಊದ್ಕೊಂಡು ಸ್ಕ್ರೂನೂ ಸಡಿಲ ಆಗುತ್ತೆ. ಮರದ ಚೂರಿಗೆ ಅಂಟು ಹಾಕಿ ಒತ್ತಿ ಮಾಡೋ ಪಾರ್ಟಿಕಲ್ ಬೋರ್ಡಿಗೂ ಇದೇ ಪಾಡು, ಪಾಪ ಸಿಪ್ಪೆಗೆ ಮಾತ್ರ ಬಯ್ಗುಳ. ಮೇಲಿನ ಕಬೋರ್ಡಿಗೆ, ಬಟ್ಟೆ ಬೀರುಗೆ ಧಾರಾಳವಾಗಿ ಹಾಕ್ಸಿ, ಅಂಚಿಗೆ ಎಲ್ಲೂ ಬಿಡದೆ ಎಡ್ಜ್ ಬ್ಯಾಂಡ್ ಪಟ್ಟಿ ಹೊಡಿಸಿ. ಸಿಪ್ಪೆದೂ ಸೇರಿ ಪಾರ್ಟಿಕಲ್ ಬೋರ್ಡಿಗೆ ಐಎಸ್ (ಭಾರತೀಯ ಮಾನಕ) 3087, ಲ್ಯಾಮಿನೇಟ್ ಆಗಿಯೇ ಬಂದಿದ್ರೆ 12823 ಅಂತ ಗುರುತು ಇದ್ಯಾ ನೋಡಿ. ಸಿಂಕ್ ಕೆಳಗೆ ಮಾತ್ರ ಬೇಡ, ಅಲ್ಲಿಗೆ ನೀರಿಗೆ ಬಿಡದ ಫೀನಾಲ್ ಅಂಟಿನ ಐಎಸ್ 710 ಪ್ಲೈವುಡ್ಡೇ ಸರಿ.

ಮನೇಲಿ ಮಾಡೋದು ಮಾತ್ರ ಆಗದ ಕೆಲ್ಸ. ಗಾಣದಿಂದ ಬಂದ ಹಸಿ ಸಿಪ್ಪೆಲಿ ಹೆಚ್ಚುಕಮ್ಮಿ ಅರ್ಧ ನೀರೇ, ಜೊತೆಗೆ ಉಳ್ದಿರೋ ಸಕ್ಕರೆ, ರಾಶಿ ಹಾಕಿದ್ರೆ ಹುಳಿಬಂದು ಬೂಷ್ಟು ಹಿಡಿಯೋದು ನಿಮಗೇ ಗೊತ್ತು. ಒಳಗಿನ ತಿರುಳು ಸುಮಾರು ಮೂರರಲ್ಲೊಂದು ಪಾಲು, ಅದು ಸ್ಪಂಜಿನ ಥರ ಅಂಟೆಲ್ಲ ಕುಡ್ಕೊಂಡು ಆಮೇಲೆ ನೀರಿಗೂ ಊದುತ್ತೆ, ಅದ್ಕೇ ಕಾರ್ಖಾನೆಲಿ ಮೊದ್ಲು ತಿರುಳು ಬೇರೆ ಮಾಡಿ ಬಾಯ್ಲರ್‌ಗೆ ಹಾಕಿ, ನಾರನ್ನ ಚೆನ್ನಾಗಿ ಒಣಗ್ಸಿ ಆಮೇಲೆ ಅಂಟು ಸಿಂಪಡ್ಸಿ ಪ್ರೆಸ್ಸಿಗೆ ಕೊಡೋದು. ಹೊಟ್ಟಿನದು ಇನ್ನೊಂದು ತಕರಾರು, ಮೈತುಂಬ ಸಿಲಿಕಾ, ಮೇಣದಂಥ ಪದರ ಬೇರೆ, ಯೂರಿಯಾ ಅಂಟು ಸರಿಯಾಗಿ ಹಿಡಿಯಲ್ಲ, ಗರಗಸದ ಹಲ್ಲೂ ಬೇಗ ಮೊಂಡಾಗುತ್ತೆ. ಮಾಮೂಲಿ ಫೆವಿಕಾಲ್ ಮರದ ಜೋಡಣೆಗೆ ಅಷ್ಟೇ ಸಾರ್, ನೀರು ಬಿದ್ರೆ ಮೆತ್ತಗಾಗುತ್ತೆ. ಸಿಮೆಂಟ್ ಕಲ್ಸೋಣ ಅಂತ ಹೊರಟ್ರೆ ಸಿಪ್ಪೆಲಿರೋ ಸಕ್ಕರೆ ಸಿಮೆಂಟನ್ನೇ ಸೆಟ್ ಆಗಕ್ಕೆ ಬಿಡಲ್ಲ.

ಅದಿರ್ಲಿ, ಆ ರಾಶಿನ ಕಸ ಅಂದ್ಕೊಂಡ್ರಾ? ಕೊಪ್ಪರಿಗೆ ಕೆಳಗೆ ಉರಿಯೋದು ಅದೇ ತಾನೆ, ಸಿಪ್ಪೆಯೆಲ್ಲ ಬೋರ್ಡಿಗೆ ಕೊಟ್ಟು ಒಲೆಗೆ ಹಳೇ ಟೈರ್ ತುಂಬೋ ಹಾಗಾದ್ರೆ ಊರಿಗೆಲ್ಲ ಹೊಗೆ, ಬೆಲ್ಲಕ್ಕೂ ಕೆಟ್ಟ ಹೆಸ್ರು. ಒಂದು ಸೀಸನ್ ಪೂರ್ತಿ ಒಲೆಗೆ ಹಾಕಿ ಎಷ್ಟು ಮಿಗುತ್ತೆ ಲೆಕ್ಕ ಹಿಡೀರಿ, ಮಿಕ್ಕಿದ್ದನ್ನ ಚೆನ್ನಾಗಿ ಒಣಗ್ಸಿ ಮಾರಿ.